ಟೈಲರಣ್ಣನ ಅಮೆರಿಕಾ ಆಸ್ಪತ್ರೆ

ಹೋದ ತಿಂಗಳು ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಾಯಿಸಿದಾಗ ಒಂದು ಬಿಸಿ ವಾಸನೆ ಏಳುತ್ತದಲ್ಲ, ಅದು ಎಲ್ಲಿಂದಲೋ ಬಂದು ಮೂಗಿಗೆ ಬಡಿಯಿತು. ಇದ್ದಿಲಿನ ಇಸ್ತ್ರಿ ಈಗ ಅಪರೂಪ. ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವರು ಗೊಣಗಿಕೊಂಡು ಪಕ್ಕಕ್ಕೆ ಸರಿದು ಹೋದರು. ನನಗೆ ಮಾತ್ರ ಗೋಣಿಬೀಡಿನ ಆ ಸಣ್ಣ ಟೈಲರಂಗಡಿ, ಅದರ ನೀಲಿ ಬಾಗಿಲು, ಕೊರಳಿಗೆ ಟೇಪು ಹಾಕಿಕೊಂಡು ಮೆಷಿನ್ನಿನ ಮೇಲೆ ಬಗ್ಗಿದ ಆ ಮನುಷ್ಯ…

ತೊಂಬತ್ತರ ದಶಕದ ಕೊನೆಯಲ್ಲಿ ಇಂಗ್ಲಿಷ್ ಟೀಚರಾಗಿ ನಾನು ಗೋಣಿಬೀಡಿಗೆ ಹೋದೆ. ಬಾಡಿಗೆಗೆ ಹಿಡಿದ ಕೋಣೆ ಅವರ ಅಂಗಡಿಯ ಹಿಂಭಾಗದಲ್ಲೇ ಇತ್ತು. ಐವತ್ತು ದಾಟಿದ, ಕಡ್ಡಿಯಂಥ ಆಳು. ಊರಿಗೆಲ್ಲ ಅವರು ಟೈಲರಣ್ಣ. ಹೆಸರು ಹಿಡಿದು ಕರೆದವರನ್ನು ನಾನು ಕಾಣಲಿಲ್ಲ. ಎಸ್ಟೇಟುಗಳಿಗೆ ಭಾನುವಾರ ರಜೆಯಾದ್ದರಿಂದ ಅವರ ಅಂಗಡಿಗೆ ಅಂದೇ ಹೆಚ್ಚು ಜನ. ಕಾಫಿ ಹಣ್ಣು ಕೊಯ್ದು ಕೈ ಕಪ್ಪಾದ ಹೆಂಗಸರು ರವಿಕೆ ಬಟ್ಟೆ ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕೂತರೆ ಬಸ್ಸು ಬರುವ ತನಕ ಏಳುತ್ತಿರಲಿಲ್ಲ.

ಏಳದಿರಲು ಇನ್ನೊಂದು ಕಾರಣವೂ ಇತ್ತು. ಊರಿಗೆ ಕೇಬಲ್ ಬಂದ ಹೊಸತು. ಟೈಲರಣ್ಣ ಬಟ್ಟೆ ಜೋಡಿಸುವ ಕಪಾಟಿನ ಮೇಲೆ ಒಂದು ಸಣ್ಣ ಟಿವಿ ಇಟ್ಟಿದ್ದರು. ಭಾನುವಾರ ಮಧ್ಯಾಹ್ನ ಮೂರಕ್ಕೆ ಅದರಲ್ಲಿ ಅಮೆರಿಕದ ಒಂದು ಸೀರಿಯಲ್ ಬರುತ್ತಿತ್ತು. ದೊಡ್ಡ ಆಸ್ಪತ್ರೆಯೊಂದರ ಕಥೆ. ಅಮೆರಿಕದಲ್ಲಿ ಮನೆಮನೆಯಲ್ಲೂ ನೋಡುವ ಚಾನೆಲ್ಲಿನದಂತೆ. ಟೈಲರಣ್ಣನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಮತ್ತೆ ಯಾಕೆ ನೋಡುತ್ತೀರಿ ಎಂದು ಮೊದಲ ವಾರವೇ ಕೇಳಿದ್ದೆ.

"ಹೊಲಿಗೆ ನೋಡೋಕೆ ಟೀಚರೇ," ಅಂದರು. "ಆಪರೇಷನ್ ಮುಗಿದ ಮೇಲೆ ಆ ಡಾಕ್ಟ್ರು ಹೊಲಿಗೆ ಹಾಕೋದು ನೋಡ್ಬೇಕು ನೀವು. ನಮ್ಮ ಗುಂಡಿ ಮನೆಯ ಕಾಜಾ ಹೊಲಿಗೆ ಇದ್ದ ಹಾಗೇ! ಒಂದು ಗಂಟೂ ಮೇಲೆ ಕಾಣಲ್ಲ."

ಹೊಲಿಗೆ ನೋಡಲು ಶುರು ಮಾಡಿದವರು ಕಥೆ ಹೇಳಲು ಹತ್ತಿದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ನಾನು ಹೋಗುವಷ್ಟರಲ್ಲಿ ಅದು ಅಭ್ಯಾಸವೇ ಆಗಿಹೋಗಿತ್ತು. ಟಿವಿಯ ದನಿ ತಗ್ಗಿಸಿ, ಕಾಲಿನಲ್ಲಿ ಮೆಷಿನ್ ತುಳಿಯುತ್ತ, ಕನ್ನಡಕದ ಮೇಲಿಂದ ಒಮ್ಮೊಮ್ಮೆ ಪರದೆ ನೋಡಿ ಅಲ್ಲಿನವರ ಮಾತುಗಳನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಕೆಂಪು ಕೂದಲಿನ ನರ್ಸು ಒಬ್ಬಳಿದ್ದಳು. ಆಸ್ಪತ್ರೆಯ ನೆಲ ಒರೆಸುವ ಮುದುಕನೊಬ್ಬನಿದ್ದ. ಟೈಲರಣ್ಣನ ಪ್ರಕಾರ ಆ ಮುದುಕ ಅವಳ ಅಪ್ಪ. ಮಗಳು ತನ್ನಿಷ್ಟದವನನ್ನು ಮದುವೆಯಾದಳೆಂದು ಅವನಿಗೆ ಸಿಟ್ಟು. ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದರೂ ಅವಳ ಮುಖ ನೋಡುವುದಿಲ್ಲ.

ಈ ಅಪ್ಪ ಮಗಳ ಕಥೆಯನ್ನು ಕಣ್ಣು ಮಿಟುಕಿಸದೆ ಕೇಳುತ್ತಿದ್ದವಳು ಗಿರಿಜಕ್ಕ. ಹತ್ತಿರದ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ, ಗಂಡನಿಲ್ಲದ, ನೇರ ಮಾತಿನ ಹೆಂಗಸು. ಹೊಲಿಸಲು ಏನೂ ಇಲ್ಲದ ವಾರವೂ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು.

ನಾನು ತಪ್ಪು ಮಾಡಿದ್ದು ಒಂದು ಭಾನುವಾರ, ರವಿಕೆಯ ಅಳತೆ ಕೊಡಲು ಹೋದಾಗ. ಪರದೆಯ ಮೇಲೆ ಆ ನರ್ಸು ಕಿಟಕಿಯ ಹತ್ತಿರ ನಿಂತು ಡಾಕ್ಟರ ಜೊತೆ ಮಾತಾಡುತ್ತಿದ್ದಳು. "ನಮ್ಮಪ್ಪಂಗೆ ಒಂದ್ಮಾತು ಹೇಳಿ ಡಾಕ್ಟ್ರೇ, ನನ್ನ ಮೇಲೆ ಇನ್ನೂ ಸಿಟ್ಟಾ ಕೇಳಿ ಅಂತಿದಾಳೆ," ಎಂದರು ಟೈಲರಣ್ಣ. ಬೆಂಚಿನ ಮೇಲಿದ್ದವರು ಲೊಚಗುಟ್ಟಿದರು.

ನಾನು ಇಂಗ್ಲಿಷ್ ಟೀಚರಲ್ಲವೇ… ಬಾಯಿ ಸುಮ್ಮನಿರಲಿಲ್ಲ. "ಇಲ್ಲ ಟೈಲರಣ್ಣ, ಅವಳು ರಜೆ ಕೇಳ್ತಿದಾಳೆ ಅಷ್ಟೆ. ಆ ಮುದುಕ ಅವಳಪ್ಪ ಅಲ್ವೇ ಅಲ್ಲ. ಅವನು ಬರೀ ನೆಲ ಒರೆಸೋನು," ಅಂದೆ. ಅಷ್ಟಕ್ಕೇ ನಿಲ್ಲಿಸದೆ, ಪರದೆಯ ಮೇಲಿನವರು ಆಡಿದ ನಾಲ್ಕೈದು ಮಾತನ್ನು ಇಂಗ್ಲಿಷಿನಲ್ಲಿ ಹೇಳಿ, ಕನ್ನಡಕ್ಕೂ ತಂದು ಕೊಟ್ಟೆ.

ಮೆಷಿನ್ ನಿಂತಿತು. ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಟೈಲರಣ್ಣ ನನ್ನತ್ತ ನೋಡಲಿಲ್ಲ. "ಹೌದಾ ಟೀಚರೇ? ನಂಗೆ ತಿಳೀಲಿಲ್ಲ," ಎಂದು ಮೆಲ್ಲಗೆ ಹೇಳಿ ಎದ್ದು ಟಿವಿ ಆರಿಸಿದರು. ಗಿರಿಜಕ್ಕ ಚೀಲ ಎತ್ತಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದ್ದರೂ ಹೊರಟುಹೋದಳು.

ಮುಂದಿನ ಭಾನುವಾರ ಟಿವಿ ಹಾಕಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಹೆಂಗಸರು ಬಟ್ಟೆ ಕೊಟ್ಟು ಹೋಗುತ್ತಿದ್ದರೇ ಹೊರತು ಕೂರುತ್ತಿರಲಿಲ್ಲ. ನನ್ನ ಕೋಣೆಯ ಗೋಡೆಯಾಚೆಯಿಂದ ಬರೀ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಕೊನೆಗೆ ಒಂದು ದಿನ ಶಾಲೆಯಿಂದ ಬಂದವಳೇ ಅಂಗಡಿಗೆ ಹೋಗಿ, "ಟೈಲರಣ್ಣ, ನಾನು ಹಾಗೆ ಎಲ್ಲರ ಮುಂದೆ ಹೇಳಬಾರದಿತ್ತು," ಅಂದೆ.

ಅವರು ನಕ್ಕರು. "ಅಯ್ಯೋ, ನಂಗೆ ಅವಮಾನ ಆಯ್ತು ಅಂದ್ಕೊಂಡ್ರಾ? ಇಂಗ್ಲಿಷ್ ಬರಲ್ಲ ಅನ್ನೋದು ನಂಗೇನು ಹೊಸ ಸುದ್ದಿಯಾ ಮಾರಾಯ್ರೆ? ಇನ್ನೊಂದೆರಡು ವಾರ ಬಿಟ್ಟು ಹೇಳಿದ್ರೆ ಚೆನ್ನಾಗಿತ್ತು, ಅಷ್ಟೆ."

ಆಮೇಲೆ ಡ್ರಾಯರ್ ಎಳೆದು, ಗುಂಡಿ ಡಬ್ಬಿಯ ಕೆಳಗಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದು ನನ್ನ ಕೈಗಿತ್ತರು. ಗಿರಿಜಕ್ಕನ ಮಗಳು ಬರೆದದ್ದು. ಆ ಹುಡುಗಿ ಇದೇ ಅಂಗಡಿಯಲ್ಲಿ ಹೊಲಿಗೆ ಕಲಿತವಳಂತೆ. ಎರಡು ವರ್ಷದ ಹಿಂದೆ ಕಳಸದ ಕಡೆಯ ಜೀಪ್ ಡ್ರೈವರ್ ಒಬ್ಬನನ್ನು ಮದುವೆಯಾಗಿ ಹೋಗಿದ್ದಳು. ಜಾತಿ ಬೇರೆ. ಅಂದಿನಿಂದ ಗಿರಿಜಕ್ಕನ ಎದುರು ಮಗಳ ಹೆಸರೆತ್ತುವಂತಿರಲಿಲ್ಲ. ಎತ್ತಿದರೆ ಎದ್ದು ಹೋಗುವಳು. ತನಗೊಂದು ಹೆಣ್ಣು ಮಗು ಹುಟ್ಟಿದೆ, ಅಮ್ಮ ಹೇಗಿದ್ದಾಳೆ, ಅಷ್ಟು ತಿಳಿಸಿ ಎಂದು ಹುಡುಗಿ ಬರೆದಿದ್ದಳು.

"ನೇರ ಹೇಳಿದ್ರೆ ಕೇಳೋಳಲ್ಲ ಗಿರಿಜ," ಅಂದರು ಟೈಲರಣ್ಣ. "ಅದಕ್ಕೆ ಆ ಮುದುಕನ್ನ ಹಿಡ್ಕೊಂಡೆ. ಆರು ತಿಂಗಳಿಂದ ಅವನ ಸಿಟ್ಟು ಇಳಿಸ್ತಾ ಬಂದಿದ್ದೆ ನೋಡಿ… ಇನ್ನೇನು ಮಗಳ ಮನೆಗೆ ಹೊರಡಿಸ್ಬೇಕಿತ್ತು."

ಅವರ ಮುಂದೆ ಏನು ಹೇಳಿದೆನೋ ನೆನಪಿಲ್ಲ. ಭಾನುವಾರ ಟಿವಿ ಹಾಕಿ, ಮಿಕ್ಕಿದ್ದು ನನಗೆ ಬಿಡಿ ಅಂದದ್ದು ಮಾತ್ರ ನೆನಪಿದೆ. ಗಿರಿಜಕ್ಕನಿದ್ದ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗೆ ನಾನೇ ನಡೆದು ಹೋಗಿ ಅವಳನ್ನು ಕರೆದೆ. "ಏನೂ ಹೊಲಿಸೋದಿಲ್ಲ ಟೀಚರೇ," ಅಂದಳು. ಆದರೂ ಬಂದಳು.

ಮೂರು ಗಂಟೆಗೆ ಸೀರಿಯಲ್ ಶುರುವಾಯಿತು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಅವತ್ತು ನಾನು ಹೇಳಿದ್ದು ತಪ್ಪು. ಮೊದಲಿಂದ ನೋಡಿರಲಿಲ್ಲ ನಾನು. ಆ ಮುದುಕ ಅವಳನ್ನ ಹೆತ್ತ ಅಪ್ಪ ಅಲ್ಲ, ಅಷ್ಟೆ. ಸಾಕಿದ ಅಪ್ಪ." ತರಗತಿಯಲ್ಲಿ ಒಂದು ಕಾಗುಣಿತ ತಪ್ಪಿದರೂ ಬಿಡದ ನಾನು ಅರ್ಧ ಗಂಟೆ ಕಾಲ ಹಸಿ ಹಸಿ ಸುಳ್ಳು ಹೇಳಿದೆ. ಪರದೆಯಲ್ಲಿ ಡಾಕ್ಟರು ಯಾರದೋ ಎದೆ ಬಡಿತದ ಬಗ್ಗೆ ಗದರಿಕೊಳ್ಳುತ್ತಿದ್ದರೆ, ನನ್ನ ಬಾಯಲ್ಲಿ ಅವರು ಮುದುಕನಿಗೆ ಬುದ್ಧಿ ಹೇಳುತ್ತಿದ್ದರು. ಅದೃಷ್ಟಕ್ಕೆ ಕೊನೆಯಲ್ಲಿ ಮುದುಕ ಬಕೆಟ್ ಹಿಡಿದುಕೊಂಡು ಉದ್ದನೆಯ ಮೊಗಸಾಲೆ ದಾಟಿ, ಬಾಗಿಲು ತೆರೆದು ಹೊರಗೆ ಹೋದ.

"ಹೊರಟ," ಅಂದೆ. "ಮಗಳ ಮನೆಗೆ."

ಗಿರಿಜಕ್ಕ ಮುಂದೆ ಬಾಗಿ ನೋಡಿದಳು. "ಬಕೆಟ್ ಹಿಡ್ಕೊಂಡೇ ಹೊರಟ್ನಾ?"

ಟೈಲರಣ್ಣ ಮೆಷಿನ್ನಿನಿಂದ ತಲೆ ಎತ್ತದೆ, "ಅವಸರ ಅಲ್ವಾ ಗಿರಿಜ. ಇಡೋಕೂ ಪುರುಸೊತ್ತಿಲ್ಲ ಅವನಿಗೆ," ಅಂದರು.

"ಹೋದ್ರೆ ಅವ್ಳು ಬಾಗಿಲು ತೆಗೀತಾಳಾ?"

"ತೆಗೀದೆ ಇರ್ತಾಳಾ? ಎರಡು ವರ್ಷದಿಂದ ಬಾಗಿಲಲ್ಲೇ ಕೂತಿದಾಳೆ ಅವಳು."

ಗಿರಿಜಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

ಮೂರು ದಿನ ಕಳೆದು, ಕೆಲಸ ಮುಗಿಸಿದ ಸಂಜೆ, ಅವಳು ಹಳದಿ ಹೂವಿನ ಬಟ್ಟೆಯ ಒಂದು ತುಂಡು ತಂದಳು. ನಾನೂ ಅಂಗಡಿಯಲ್ಲಿದ್ದೆ. "ಒಂದು ಫ್ರಾಕ್ ಆಗ್ಬೇಕು," ಅಂದಳು. ಟೈಲರಣ್ಣ ಅಳತೆ ಕೇಳಿದರು. "ಅಳತೆ ಎಲ್ಲಿಂದ ತರ್ಲಿ? ಎಂಟು ತಿಂಗಳ ಮಗೂಗೆ ಎಷ್ಟಾಗುತ್ತೋ ಅಷ್ಟಕ್ಕೆ ಹೊಲೀರಿ." ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಗುವಿನ ಸುದ್ದಿಯನ್ನು ನಾವಿಬ್ಬರೂ ಅವಳಿಗೆ ಹೇಳಿರಲಿಲ್ಲ. ಎಲ್ಲಿಂದಲೋ ತಿಳಿದುಕೊಂಡು, ತಿಂಗಳು ಲೆಕ್ಕ ಹಾಕುತ್ತ ಕೂತಿದ್ದಳು ಅವಳು.

ಟೈಲರಣ್ಣ ಆಗಲೇ ಕೂತು ಹೊಲಿದರು. ಬೇರೆಯವರ ಬಟ್ಟೆ ಪಕ್ಕಕ್ಕೆ ಸರಿಸಿ, ಗುಂಡಿ ಮನೆಗಳನ್ನು ಕೈಯಲ್ಲೇ ಹಾಕಿ, ಬೆಳೆದರೆ ಬಿಚ್ಚಿಕೊಳ್ಳಲೆಂದು ಅಂಚಿನಲ್ಲಿ ಎರಡು ಬೆರಳು ಮಡಿಕೆ ಬಿಟ್ಟು. ಆ ಭಾನುವಾರ ಗಿರಿಜಕ್ಕ ಮೊದಲ ಬಸ್ಸಿಗೇ ಕಳಸಕ್ಕೆ ಹೋದಳು. ಸೀರಿಯಲ್ ಹೊತ್ತಿಗೆ ಬೆಂಚಿನ ತುದಿ ಖಾಲಿ ಇತ್ತು. ಟೈಲರಣ್ಣ ಅವತ್ತು ಕಥೆಯನ್ನೇ ಹೇಳಲಿಲ್ಲ. ಹೊಲಿಗೆಯೊಂದನ್ನೇ ನೋಡುತ್ತ ಕೂತರು.

ನಾಲ್ಕು ವರ್ಷದ ಮೇಲೆ ನನಗೆ ಮಲ್ಲಂದೂರಿಗೆ ವರ್ಗವಾಯಿತು. ಬೀಳ್ಕೊಡಲು ಬಸ್ ನಿಲ್ದಾಣದ ತನಕ ಬಂದವಳು ಗಿರಿಜಕ್ಕ. ಮೊಮ್ಮಗಳು ಅವಳ ಸೆರಗು ಹಿಡಿದು ನಿಂತಿತ್ತು. ಬಸ್ಸು ಬರುವುದು ತಡವಾಯಿತು. ಅವಳು ಇದ್ದಕ್ಕಿದ್ದಂತೆ ಅಂದಳು: "ಇಂಗ್ಲಿಷ್ ಬರಲ್ಲ ಅಂದ್ರೆ ಕಣ್ಣೂ ಕಾಣಲ್ವಾ ಟೀಚರೇ? ಆ ಮುದುಕ ಒಂದಿನಾನೂ ಆ ನರ್ಸಮ್ಮನ ಕಡೆ ತಿರುಗಿ ನೋಡಿದೋನಲ್ಲ. ಸಿಟ್ಟಿದ್ದ ಅಪ್ಪ ಆಗಿದ್ರೆ ಕದ್ದಾದ್ರೂ ನೋಡ್ತಿದ್ದ."

"ಗೊತ್ತಿದ್ದೂ ಆ ಕಥೆ ಕೇಳ್ತಾ ಕೂರ್ತಿದ್ಯಾ?"

"ಅಣ್ಣ ಅಷ್ಟು ಕಷ್ಟಪಟ್ಟು ಹೇಳ್ತಿದ್ರಲ್ಲ, ನನಗೋಸ್ಕರ. ಅವರಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ."

ನಾನು ಹೇಳಲಿಲ್ಲ. ಆಮೇಲೆ ಎರಡು ಮೂರು ಸಲ ಗೋಣಿಬೀಡಿಗೆ ಹೋದಾಗಲೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಈಚೆಗೆ ಫೋನಿನಲ್ಲಿ ಆ ಸೀರಿಯಲ್ ಸಿಕ್ಕಿತು. ಅಮೆರಿಕದ ಆ ಚಾನೆಲ್ಲಿನಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದು ಬಂದೇ ಇಲ್ಲ ಎಂದು ಬರೆದವರಿದ್ದಾರೆ. ಇರಬಹುದು. ಮೊದಲಿಂದ ಕೊನೆಯ ತನಕ ನೋಡಿದೆ, ಚೆನ್ನಾಗಿಯೇ ಇದೆ. ನೆಲ ಒರೆಸುವ ಮುದುಕನಿಗೆ ಅದರಲ್ಲಿ ಒಂದು ಹೆಸರೂ ಇಲ್ಲ, ಒಂದು ಮಾತೂ ಇಲ್ಲ. ಒಂದು ಕಡೆ ಸುಮ್ಮನೆ ಕಾಣದಾಗುತ್ತಾನೆ.

ಟೈಲರಣ್ಣ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಸುದ್ದಿ ನನಗೆ ಮುಟ್ಟುವಾಗ ಎಲ್ಲ ಕಾರ್ಯವೂ ಮುಗಿದಿತ್ತು. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಗಿರಿಜಕ್ಕ ಕಳಸದಲ್ಲಿ ಮಗಳ ಜೊತೆಯೇ ಇದ್ದಾಳೆ. ಗಟ್ಟಿಮುಟ್ಟಾಗಿದ್ದಾಳೆ, ಫೋನು ಮಾಡಿದರೆ ಬೈಯುತ್ತಾಳೆ, ಬರಲಿಲ್ಲವೆಂದು. ಹೇಳಿದರೆ ಟೈಲರಣ್ಣ ಬೇಜಾರು ಮಾಡಿಕೊಳ್ಳುತ್ತಾರೆ ಎಂದಿದ್ದಳಲ್ಲ ಅವಳು… ನನಗೆ ಹಾಗನಿಸುವುದಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು ಎಂದಿದ್ದರೆ ಟೈಲರಣ್ಣ ಮೆಷಿನ್ ನಿಲ್ಲಿಸಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಹೇಳಬೇಕಿತ್ತು ನಾನು. ಆ ನಗುವೊಂದನ್ನು ನೋಡುವುದು ನನಗೆ ತಪ್ಪಿಹೋಯಿತು.