ನೋವಾದರೆ ಹೇಳ್ರಿ

ನಮ್ಮ ಕಡೆ ಯಾರಾದರೂ ‘ಹೆಂಗದೀರಿ?’ ಎಂದರೆ, ಮೈಮೇಲೆ ಲಾರಿ ಹಾಯ್ದಿದ್ದರೂ ‘ಆರಾಮ ಅದೀನ್ರಿ’ ಎನ್ನುವುದೇ ರೂಢಿ. ಈ ಮರ್ಯಾದೆ ಒಮ್ಮೆ ನನ್ನ ಎಡಗಾಲನ್ನೇ ಕಳೆಯುವುದರಲ್ಲಿತ್ತು.

ಬೆನ್ನಿನ ಮಣಿಗಳ ನಡುವಿನ ಡಿಸ್ಕ್ ಜಾರಿ ಕಾಲಿನ ನರವನ್ನು ಒತ್ತುತ್ತಿತ್ತು. ಸಪ್ತಾಪುರದ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳಿ ನಡೆದು ಬರುವಾಗ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯುತ್ತಿತ್ತು. ಯಾರಾದರೂ ಎತ್ತಿಕೊಟ್ಟಾಗಲೇ ನನಗೆ ತಿಳಿಯುತ್ತಿದ್ದುದು. ಇನ್ನು ತಡಮಾಡಿದರೆ ಪಾದದ ಶಕ್ತಿ ಮರಳಲಿಕ್ಕಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ಆಪರೇಷನ್‌ಗೆ ಪೆನ್ಸಿಲ್ ದಪ್ಪದ ನಳಿಕೆ, ತುದಿಗೊಂದು ಕ್ಯಾಮೆರಾ. ಬೆನ್ನು ಉದ್ದಕ್ಕೆ ಕೊಯ್ಯುವುದಿಲ್ಲ, ಆದರೆ ಮದ್ದು ಕೊಟ್ಟು ಮಲಗಿಸುವುದೂ ಇಲ್ಲ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಆ ಗತ್ತಿನಲ್ಲಿ ಎಂಟು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಗ್ಯಾರೇಜಿನಲ್ಲಿ ಆಯುಷ್ಯ ಕಳೆದ ಅಪ್ಪ ಒಂದೇ ಕೇಳಿದ: ಎಚ್ಚರ ಯಾಕೆ ಇಡುತ್ತೀರಿ? ನರಕ್ಕೆ ತಾಗಿದ್ದು ಪೇಶಂಟಿಗೇ ಮೊದಲು ತಿಳಿಯುತ್ತದೆ ಎಂದರು ಡಾಕ್ಟರು. ಅಪ್ಪ ತಲೆಯಾಡಿಸಿದ.

“ಇಂಜಿನ್ ಚಾಲೂ ಇಟ್ಟೇ ರಿಪೇರಿ ಮಾಡ್ತಾರ, ತಮ್ಮಾ. ಬಂದ್ ಮಾಡಿದ್ರ ಆವಾಜ್ ಎಲ್ಲಿಂದ ಬರಬೇಕು?”

ನನ್ನ ಎಂಟು ಪ್ರಶ್ನೆಗಳೂ ಕಿಸೆಯಲ್ಲೇ ಉಳಿದವು.

ಆಪರೇಷನ್ ದಿನ ಬೋರಲು ಮಲಗಿದ್ದೆ. ಇದ್ದಕ್ಕಿದ್ದಂತೆ ಸೊಂಟದಿಂದ ಕಾಲಿನ ಹೆಬ್ಬೆರಳಿನವರೆಗೆ ಕಾದ ತಂತಿ ಎಳೆದಂತಾಯಿತು. ಅದೇ ಹೊತ್ತಿಗೆ ಡಾಕ್ಟರು ಕಾಲು ಹೇಗಿದೆ ಎಂದು ವಿಚಾರಿಸಿದರು. ಅಷ್ಟು ದೊಡ್ಡ ಮನುಷ್ಯರು ನನಗಾಗಿ ಬೆನ್ನು ಬಗ್ಗಿಸಿ ನಿಂತಿರುವಾಗ ತಕರಾರು ಹೇಗೆ ತೆಗೆಯುವುದು?

“ಆರಾಮ ಅದೀನ್ರಿ,” ಎಂದೆ.

ನನ್ನ ಪಾದ ಜಿಗಿದದ್ದನ್ನು ಅವರು ಕಂಡಿರಬೇಕು. ಕೈ ನಿಂತಿತು.

“ಮಾಸ್ತರ, ಮರ್ಯಾದಿ ಹೊರಗ ಇಟ್ಟು ಬರಬೇಕಿತ್ರಿ. ನೀವು ಸುಳ್ಳ ಹೇಳಿದ್ರ ನಾ ಕಣ್ಣಿಲ್ಲದ ಕುಡ್ಡ ಆಗ್ತೇನಿ.”

“ಭಾಳ ನೋಯಾಕತ್ತೈತ್ರಿ.”

ನಳಿಕೆ ಕೂದಲೆಳೆಯಷ್ಟು ಸರಿಯಿತು, ತಂತಿ ಆರಿತು. ಅಲ್ಲಿಂದ ಮುಂದೆ ಅವರು ಕೇಳುವುದು, ನಾನು ಇದ್ದದ್ದನ್ನು ಇದ್ದಂತೆ ಹೇಳುವುದು. ಕೊನೆಗೆ ಚಿಮ್ಮಟದ ತುದಿಯಲ್ಲಿ ಕೊಬ್ಬರಿ ತುರಿಯಂಥ ಬಿಳಿ ಚೂರು ಹೊರಬಂತು; ನನ್ನ ಕಣ್ಣ ಮುಂದೆ ಹಿಡಿದರು. ನನ್ನನ್ನು ತಿಂಗಳುಗಟ್ಟಲೆ ಕುಂಟಿಸಿದ ಪೈಲ್ವಾನ ಇವನೇ ಎಂದು ತಿಳಿದು ನನಗೇ ನಾಚಿಕೆಯಾಯಿತು.

ಸಂಜೆ ಡಾಕ್ಟರು ಎಡಗಾಲಿನ ಹೆಬ್ಬೆರಳನ್ನು ಒತ್ತಿಹಿಡಿದು ಎತ್ತಲು ಹೇಳಿದರು. ಎತ್ತಿದೆ. ಜೋರೇನಿಲ್ಲ, ಆದರೆ ಅವರ ಬೆರಳು ಮೇಲೆ ಬಂತು. ಬೆನ್ನಿಗೆ ಒಂದೇ ಹೊಲಿಗೆ. ಅಪ್ಪ ಅದನ್ನು ನೋಡಿದ, ಆಮೇಲೆ ಬಹಳ ಹೊತ್ತು ಡಾಕ್ಟರ ಕೈಗಳನ್ನೇ ನೋಡಿದ. “ಕೈ ಛಲೋ ಅದಾವ್ರಿ,” ಎಂದ. ನನ್ನ ಡಿಗ್ರಿಗೂ ಅವನು ಇಂಥ ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ಹೊಟ್ಟೆಕಿಚ್ಚಾಗಲಿಲ್ಲ. ದೊಡ್ಡವರಿಗೆ ಹಾಕಲು ಪ್ರಶ್ನೆ ಬರೆದುಕೊಳ್ಳುವುದನ್ನು ನಾನು ಕಾಲೇಜಿನಲ್ಲಿ ಕಲಿತೆ. ಅವರು ತಿರುಗಿ ಕೇಳಿದಾಗ ಖರೇ ಉತ್ತರ ಕೊಡುವುದನ್ನು ಕಲಿಯಲು ಬೋರಲು ಮಲಗಬೇಕಾಯಿತು.