ಉಳಿದಿದ್ದ ಎಡಗೈ

ಮಾರ್ಚ್ ಹತ್ತು, ಒಣ ಬಿಸಿಲು. ಮಧುಗಿರಿಯಲ್ಲಿ ನಾನು ಎಕ್ಸ್‌ರೇ ತೆಗೆಯುವ ಕೋಣೆಗೆ ಪುರವರದ ಬಾಕ್ಸರ್ ನಾಗರಾಜ ಮತ್ತೆ ಬಂದ. ಮೊದಲೆಲ್ಲ ನುಗ್ಗಿ ಹೊಡೆಯುತ್ತಿದ್ದವನು ಮೂಗು ಮುರಿದ ಮೇಲೆ ದೂರ ನಿಲ್ಲುವುದನ್ನು ಕಲಿತ. ಬಲಗೈ ಮುರಿದ ಮೇಲೆ ಅದನ್ನು ಬರೀ ಬೆದರಿಸಲು ಎತ್ತಿ, ಎಡಗೈಯಲ್ಲೇ ಹೊಡೆಯತೊಡಗಿದ. ಈಗ ಆ ಎಡಗೈಯೇ ಊದಿತ್ತು.

"ಫೈನಲ್‌ನಲ್ಲಿ ಆಯ್ತೇನಪ್ಪ?"

"ಇಲ್ಲ ಸಾರ್, ಫೈನಲ್ ಗೆದ್ಬುಟ್ಟೆ. ಇದೂ ಮುರುದಿದ್ರೆ ನನ್ನ ಆಟ ಮುಗೀತು, ನೋಡಿ ಹೇಳಿ."

ನೋಡಿದೆ. ಮೂಳೆ ನೆಟ್ಟಗಿತ್ತು, ಬರೀ ಉಳುಕು. ಅವನ ಮುಖ ಅರಳಿತು.

"ಮತ್ತೆ ಹೊಡೆದದ್ದು ಯಾರು?"

ಬಾಗಿಲಲ್ಲಿದ್ದ ಅವನ ಹೆಂಡತಿ ನಕ್ಕಳು.

"ಹಿಂದಕ್ಕೆ ಸರೀತು ಸಾರ್. ಹೆದರ್ಕಂತು ಅಂತ ಇವ್ರು ಹತ್ರ ಹೋದ್ರು."

"ಯಾವುದಮ್ಮ?"

"ಗೆದ್ದಿದ್ಕೆ ಕೊಟ್ರಲ್ಲ, ಆ ಟಗರು."