ಒಡೆದವರ ರಿಜಿಸ್ಟರ್

ಮೊನ್ನೆ ಲ್ಯಾಬಿನಲ್ಲಿ ತಾಮ್ರದ ತಂತಿಯ ತುದಿಯನ್ನು ಮರಳು ಕಾಗದದಿಂದ ಉಜ್ಜುತ್ತಿದ್ದೆ. ಬೆರಳಿಗೆ ಹತ್ತಿದ ಆ ಲೋಹದ ವಾಸನೆ ಮೂಗಿಗೆ ಬಂದದ್ದೇ ತಡ, ಕೈ ನಿಂತುಹೋಯಿತು. ಎದುರಿಗಿದ್ದ ಯಂತ್ರ ಮಸುಕಾಗಿ, ಮುದ್ದೇಬಿಹಾಳದ ನಮ್ಮ ಕಾಲೇಜಿನ ಉದ್ದನೆಯ ಮೇಜು, ಕಿಟಕಿಯ ಬಿಸಿಲು, ಆ ಬಿಸಿಲಲ್ಲಿ ತೇಲುವ ಧೂಳು... ಮತ್ತೆ ಕಾಕಾ.

ಕಾಕಾ ಅಂದರೆ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್. ತಂತಿ ಉಜ್ಜದೆ ಜೋಡಿಸಿದವರನ್ನು ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಬಂದು ಬಿಚ್ಚಿಟ್ಟು ಹೋಗುತ್ತಿದ್ದರು. ಅವರ ಬಳಿ ಒಂದು ದಪ್ಪ ರಿಜಿಸ್ಟರ್ ಇತ್ತು. ಏನಾದರೂ ಒಡೆದವರು ಅದರಲ್ಲಿ ಹೆಸರು ಬರೆದು ಸಹಿ ಹಾಕಬೇಕು. ಹಾಗೆ ಸಹಿ ಹಾಕಿದವರು ಮುಂದೆ ಎಲ್ಲಿ ಸೇರಿದರೂ ಬಂದು ಕಾಕಾಗೆ ಹೇಳಿ ಹೋಗುವುದು ಅಲ್ಲಿಯ ರೂಢಿ. ಆಗ ಅವರು ಹೆಸರಿನ ಪಕ್ಕ ಊರು, ಫೋನ್ ನಂಬರ್ ಬರೆದು ಚಹಾ ತರಿಸುತ್ತಿದ್ದರು. ನಾನು ಒಂದು ಪ್ರಿಸಂ ಬೀಳಿಸಿದ್ದೆ.

ಆಮೇಲೆ ಎಂ.ಎಸ್ಸಿ.ಯಲ್ಲಿ ನನಗೆ ಬಂದದ್ದು ನೂರಕ್ಕೆ ಐವತ್ತಾರು. ಆಸೆಗೇನೂ ಕಡಿಮೆಯಿರಲಿಲ್ಲ, ನಕ್ಷತ್ರಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಐದು ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕಿದೆ. ಐದೂ ಕಡೆಯಿಂದ ಇಲ್ಲವೆಂದೇ ಬಂತು. ಮನೆಯವರು ಕೊಟ್ಟಿದ್ದು ಒಂದೇ ವರ್ಷ. ಅದು ಮುಗಿದರೆ ಬಿ.ಎಡ್. ಎಂದು ಮಾತಾಗಿತ್ತು. ಯಾವುದೋ ಪ್ರಮಾಣಪತ್ರಕ್ಕೆಂದು ಕಾಲೇಜಿಗೆ ಹೋದವಳು ಕಾಕಾರ ಮುಂದೆ ಕೂತು ಅತ್ತುಬಿಟ್ಟೆ.

ಅವರು ಸಮಾಧಾನ ಹೇಳಲಿಲ್ಲ. ರಿಜಿಸ್ಟರ್ ತೆಗೆದು ಕನ್ನಡಕ ಏರಿಸಿದರು.

“ಮಾರ್ಕ್ಸ್ ನಿನ್ನಷ್ಟ ಇದ್ದವರು ಎಲ್ಲೆಲ್ಲಿ ಅದಾರ ನೋಡೂಣು ತಡಿ ಯವ್ವಾ. ಇಂವಾ ಎರಡು ಥರ್ಮಾಮೀಟರ್ ಒಡದಾಂವ, ದಾವಣಗೆರಿಯಾಗ ಪಿಎಚ್.ಡಿ. ಮಾಡಾಕತ್ತಾನ. ಇಕಿ ಲೆನ್ಸ್ ಒಡದಾಕಿ, ಬಳ್ಳಾರ್ಯಾಗ ಅದಾಳ. ಇವರಿಗೆ ಫೋನ್ ಹಚ್ಚು. ಮಷೀನ್ ನಡಸಾಕ ಕೈ ಬೇಕಾದ ಗೈಡ್ ಯಾರದಾರ ಅಂತ ಕೇಳು.”

“ನಕ್ಷತ್ರ ಬಿಡಬೇಕೇನ್ರಿ ಕಾಕಾ?”

“ಅವು ಎಲ್ಲಿ ಹೋಗ್ತಾವ? ಮಾಳಿಗಿ ಮ್ಯಾಲ ಮಲಕೊಂಡು ನೋಡು.”

ಅಲ್ಲೇ ಕೂತು ಏಳು ಹೆಸರು ಬರೆದುಕೊಂಡೆ. ನಾಲ್ಕನೆಯ ಫೋನಿಗೆ ತುಮಕೂರಿನ ಗೈಡ್ ಒಬ್ಬರ ಸುಳಿವು ಸಿಕ್ಕಿತು. ಪ್ರವೇಶ ಪರೀಕ್ಷೆ ಹೇಗೋ ಪಾಸಾದೆ. ಸಂದರ್ಶನದಲ್ಲಿ ಅವರು ಅಂಕಪಟ್ಟಿಯನ್ನು ಒಮ್ಮೆ ತಿರುವಿ ಬದಿಗಿಟ್ಟು, ಒಂದು ಪಂಪು ಬಿಚ್ಚಿ ಜೋಡಿಸಲು ಹೇಳಿದರು. ಸೀಟು ಸಿಕ್ಕಿತು.

ಕಾಕಾಗೆ ಹೇಳಲು ಇವತ್ತು ಹೋದರಾಯಿತು, ನಾಳೆ ಹೋದರಾಯಿತು... ಡಾಕ್ಟರ್ ಎನಿಸಿಕೊಂಡೇ ಹೋಗೋಣ ಎಂಬ ಒಣ ಜಂಬ ನನ್ನದು. ಕೊನೆಗೆ ಹೋದಾಗ ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಹೊಸ ಅಟೆಂಡರ್ ರಿಜಿಸ್ಟರ್ ತಂದುಕೊಟ್ಟ. ‘ಪ್ರಿಸಂ, ಒಂದು’ ಎಂಬುದರ ಎದುರು ನನ್ನ ಸಹಿ. ಪಕ್ಕದಲ್ಲಿ ಕಾಕಾರ ಅಕ್ಷರ: ತುಮಕೂರು. ಯಾರನ್ನು ಕೇಳಿ ತಿಳಿದುಕೊಂಡಿದ್ದರೋ... ಅದರ ಕೆಳಗೆ ಇನ್ನೊಂದು ಸಾಲು: ‘ಬಂದು ಹೇಳಿಲ್ಲ.’

ಪುಟದಲ್ಲಿ ಉಳಿದದ್ದೆಲ್ಲ ಪೆನ್ನಿನಲ್ಲಿತ್ತು. ಆ ಸಾಲು ಮಾತ್ರ ಪೆನ್ಸಿಲಿನಲ್ಲಿ. ನಾನು ಬಂದ ದಿನ ಅಳಿಸೋಣವೆಂದು ಇಟ್ಟಿರಬೇಕು.

ತಾಮ್ರದ ಈ ವಾಸನೆ ಸೋಪು ಹಚ್ಚಿದರೂ ಬೇಗ ಹೋಗುವುದಿಲ್ಲ. ಮೊನ್ನೆ ಬೆರಳನ್ನು ಮೂಗಿನ ಹತ್ತಿರ ಹಿಡಿದು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದೆ: “ನಾ ಬಂದೀನ್ರಿ ಕಾಕಾ.”